ತಿಂಗಳಿಗೊಂದು ಚಿತ್ರ: ಹವ್ಯಾಸಿ ಛಾಯಾಗ್ರಾಹಕ ಸಂಘಗಳ ವೃತ್ತಾಂತ

ಶಿರಹಟ್ಟಿಯಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರಿಗೆ ಛಾಯಾಚಿತ್ರವೆಂದೊಡನೆ ಕಣ್ಣಮುಂದೆ ನಿಲ್ಲುವುದು ಪೇಟೆಯ ಸ್ಟುಡಿಯೋದ ಒಳಕೋಣೆ: ಅರಮನೆಯ ಮೆಟ್ಟಿಲು, ಅದರಾಚೆಗೊಂದು ಸರೋವರ, ಸರೋವರದಲ್ಲಿ ಎರಡು ಹಂಸಗಳನ್ನು ಬರೆದ ಪರದೆ, ಗೋಡೆಯ ಕನ್ನಡಿಗೆ ದಾರದಿಂದ ಕಟ್ಟಿದ ಹಣಿಗೆ, ಊರವರೆಲ್ಲರ ಮುಖಕ್ಕೂ ಒಂದೇ ವರ್ಣವನ್ನು ಅನುಗ್ರಹಿಸುವ ಪೌಡರ್ ಡಬ್ಬಿ, ಯಾರ ಮೈಗೂ ಸರಿಯಾಗಿ ಹೊಂದದೆ ಎಲ್ಲರ ಮೈಮೇಲೂ ಏರಿದ್ದ ಒಂದು ಕರಿ ಕೋಟು. ಅಲ್ಲಿಗೆ ನಾವು ಹೋಗುತ್ತಿದ್ದುದು ಕಾರಣವಿದ್ದಾಗ ಮಾತ್ರ. ಪರೀಕ್ಷೆಯ ಹಾಲ್ ಟಿಕೆಟ್ಟು, ಕನ್ಯಾಪರೀಕ್ಷೆಗೆ ಮುನ್ನ ಬೀಗರಿಗೆ ಕಳಿಸಬೇಕಾದ ಪಟ, ಮುಪ್ಪಿನ ತಂದೆತಾಯಿಗಳನ್ನು ಕುರ್ಚಿಯಲ್ಲಿ ಕೂರಿಸಿ ಮಕ್ಕಳು ಸುತ್ತ ನಿಂತು ತೆಗೆಸಿಕೊಳ್ಳುವ ಗುಂಪಿನ ಚಿತ್ರ, ಇಷ್ಟರ ಹೊರತು ಕ್ಯಾಮೆರಾಕ್ಕೆ ಲೋಕದಲ್ಲಿ ಬೇರೆ ಪ್ರಯೋಜನವಿದೆಯೆಂದು ನಮ್ಮ ಓಣಿಯಲ್ಲಿ ಯಾರೂ ತಿಳಿದಿರಲಿಲ್ಲ. ಎರವಲು ತಂದ ಅಗ್ಫಾ ಕ್ಲಿಕ್ ಹಿಡಿದು ನಾನು ಒಮ್ಮೆ ಹಾಳುಗೋಡೆಯ ಮೇಲಿನ ನೆರಳನ್ನು ತೆಗೆಯುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಮದುವಿ ಇಲ್ಲ, ಮುಂಜಿವಿ ಇಲ್ಲ, ಸುಮ್ಮ ಯಾಕ ರೀಲು ಹಾಳ ಮಾಡ್ತೀಯೋ ತಮ್ಮಾ?" ಎಂದು ಕೇಳಿದ್ದರು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾದ ಕನಿಕರವಿತ್ತು.

ನಮ್ಮ ಸೀಮೆಯ ಛಾಯಾಗ್ರಾಹಕ ಮಿತ್ರರು ಹೊರತರುತ್ತಿರುವ ಈ ಸ್ಮರಣ ಸಂಚಿಕೆಗೆ ಹವ್ಯಾಸಿ ಸಂಘಗಳ ಇತಿಹಾಸವನ್ನು ಬರೆದುಕೊಡಬೇಕೆಂಬ ಆದೇಶ ಬಂದಾಗ ನನಗೆ ಮೊದಲು ನೆನಪಾದುದು ಆ ಹಿರಿಯರ ಪ್ರಶ್ನೆಯೇ. ಕೂಲಿಯಿಲ್ಲದೆ, ಕಾರಣವಿಲ್ಲದೆ, ಕೇಳಿದವರಿಲ್ಲದೆ ಚಿತ್ರ ತೆಗೆಯುವ ಮನುಷ್ಯನಿಗೆ ಒಬ್ಬ ನೋಡುಗನಾದರೂ ಬೇಕಷ್ಟೆ. ಅಂಥ ನೋಡುಗರನ್ನು ತಿಂಗಳಿಗೊಮ್ಮೆ ಒಂದೆಡೆ ಕೂಡಿಸಿಕೊಟ್ಟ ಸಭೆಗಳ ಕಥೆಯೇ ಈ ಸಂಘಗಳ ಇತಿಹಾಸ.

ಹಾಗೆ ನೋಡಿದರೆ, ನಮ್ಮ ಭಾಗಕ್ಕೆ ಕ್ಯಾಮೆರಾ ಬಂದುದು ಸ್ಟುಡಿಯೋಗಳಿಗಿಂತ ಬಹಳ ಮೊದಲು, ಅದೂ ಮನುಷ್ಯರ ಮುಖವನ್ನರಸಿ ಬಂದುದಲ್ಲ. ಲಂಡನ್ನಿನ ಛಾಯಾಚಿತ್ರ ಸಂಘ 1853ರಲ್ಲಿ ಸ್ಥಾಪಿತವಾದ ಮರುವರ್ಷವೇ ಮುಂಬಯಿಯಲ್ಲಿಯೂ ಅಂಥದೊಂದು ಸಂಘ ಹುಟ್ಟಿತು. ಎರಡು ವರ್ಷಗಳ ತರುವಾಯ, 1856ರಲ್ಲಿ, ಕಲ್ಕತ್ತ ಮದ್ರಾಸುಗಳಲ್ಲಿಯೂ ಹುಟ್ಟಿದವು. ಸೈನ್ಯದ ಅಧಿಕಾರಿಗಳು, ವೈದ್ಯರು, ಕಂಪನಿಯ ನೌಕರರು, ಅವರೊಡನೆ ಮುಂಬಯಿಯ ಡಾ. ನಾರಾಯಣ ದಾಜಿಯವರಂಥ ಕೆಲವರು ಭಾರತೀಯರು ಈ ಸಭೆಗಳಲ್ಲಿ ಕೂಡಿ ತಮ್ಮ ಚಿತ್ರಗಳನ್ನು ಪರಸ್ಪರ ತೋರಿಸಿಕೊಳ್ಳುತ್ತಿದ್ದರು. ಅದೇ ದಶಕದಲ್ಲಿ ಮುಂಬಯಿ ಸರಕಾರವು ಫಿರಂಗಿ ದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನೂ, ಅವನು ದಳಕ್ಕೆ ಮರಳಿದ ಮೇಲೆ ಪಿಗೋ ಎಂಬ ವೈದ್ಯನನ್ನೂ, ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯುವುದಕ್ಕೆಂದು ಕನ್ನಡ ಜಿಲ್ಲೆಗಳಿಗೆ ಕಳಿಸಿಕೊಟ್ಟಿತು. ಇವರಿಬ್ಬರ ಮತ್ತು ನೀಲ್ ಎಂಬ ಮೂರನೆಯವನ ಚಿತ್ರಗಳನ್ನು ಕೂಡಿಸಿ, ಮೆಡೋಸ್ ಟೇಲರನ ಇತಿಹಾಸ ನಿರೂಪಣೆ ಮತ್ತು ಜೇಮ್ಸ್ ಫರ್ಗ್ಯುಸನ್ನನ ವಾಸ್ತು ಟಿಪ್ಪಣಿಗಳೊಂದಿಗೆ, ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಭಾರಿ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಗದಗಿನ, ಲಕ್ಕುಂಡಿಯ ಗುಡಿಗಳು ಅದರಲ್ಲಿವೆ. ರಾಸಾಯನಿಕ ಹಚ್ಚಿದ ಕಾಗದವೇ ಅಂದಿನ ನೆಗೆಟಿವ್; ನಿಮಿಷಗಟ್ಟಲೆ ಮಸೂರವನ್ನು ತೆರೆದಿಟ್ಟ ಹೊರತು ಅದರ ಮೇಲೆ ಬೆಳಕು ಮೂಡುತ್ತಿರಲಿಲ್ಲ. ಆದ್ದರಿಂದ ಅಂಥ ಚಿತ್ರಗಳಲ್ಲಿ ಕಂಬಗಳು ಸ್ಫುಟವಾಗಿರುತ್ತವೆ, ಬೀಸುವ ಗಾಳಿಗೆ ಅಲುಗಿದ ಗಿಡಗಳು ಹೊಗೆಯಂತಿರುತ್ತವೆ, ನಡೆದುಹೋದ ಮನುಷ್ಯರು ಇಲ್ಲವೇ ಇಲ್ಲ. ಕಲ್ಲು ಮಾತ್ರ ಆ ಕಾಲದ ಛಾಯಾಗ್ರಾಹಕನ ಮುಂದೆ ಹೇಳಿದಷ್ಟು ಹೊತ್ತು ನಿಲ್ಲುತ್ತಿದ್ದ ಏಕೈಕ ಪ್ರಜೆ. ನಮ್ಮ ಲಕ್ಷ್ಮೇಶ್ವರದ ಸೋಮೇಶ್ವರನು ಹೆನ್ರಿ ಕಸಿನ್ಸ್ ಬರೆದ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ, 1926ರಲ್ಲಿ.

ಆ ಸಂಘಗಳು ದೊರೆಗಳವು. ಅವುಗಳ ಮಾದರಿ ನಮ್ಮವರ ಕೈಗೆ ಬರುವುದಕ್ಕೆ ಸುಮಾರು ಒಂದು ಶತಮಾನ ಹಿಡಿಯಿತು. ಕನ್ನಡನಾಡಿನಲ್ಲಿ ಹವ್ಯಾಸಿಗಳನ್ನು ಒಂದು ಶಿಸ್ತಿಗೆ ತಂದ ಶ್ರೇಯಸ್ಸು ಬೆಂಗಳೂರಿನ ಮೈಸೂರು ಫೋಟೋಗ್ರಾಫಿಕ್ ಸೊಸೈಟಿಗೂ ಅದರ ಚೇತನವಾಗಿದ್ದ ಡಾ. ಜಿ. ಥಾಮಸ್ ಅವರಿಗೂ ಸಲ್ಲತಕ್ಕದ್ದು. ವೃತ್ತಿಯಿಂದ ವೈದ್ಯರಾದ ಥಾಮಸ್ ಅವರು ತಮ್ಮೂರಿನ ಸಂಘವೊಂದರಿಂದಲೇ ತೃಪ್ತರಾಗದೆ, ದೇಶದ ನಾನಾ ನಗರಗಳಲ್ಲಿ ಚದರಿಹೋಗಿದ್ದ ಇಂಥ ಮಂಡಲಿಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸಬೇಕೆಂದು ಹಟ ತೊಟ್ಟು, 1950ರ ದಶಕದ ಆದಿಯಲ್ಲಿ ಭಾರತೀಯ ಛಾಯಾಚಿತ್ರ ಒಕ್ಕೂಟವನ್ನು ಕಟ್ಟಿದರು. ‘ವ್ಯೂಫೈಂಡರ್’ ಆ ಒಕ್ಕೂಟದ ಪತ್ರಿಕೆ. ದೇಶದೇಶಗಳ ಒಕ್ಕೂಟಗಳನ್ನು ಕೂಡಿಸುವ ‘ಫಿಯಾಪ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೂಪುಗೊಂಡುದು 1950ರಲ್ಲಿ. ಅಂದರೆ ಬೆಂಗಳೂರಿನ ವೈದ್ಯರೊಬ್ಬರು ಹೆಚ್ಚುಕಡಿಮೆ ಯುರೋಪಿನವರ ಜೊತೆಜೊತೆಯಲ್ಲಿಯೇ ಹೆಜ್ಜೆಯಿಟ್ಟಿದ್ದರು. 1840ರಿಂದ 1980ರವರೆಗಿನ ಭಾರತೀಯ ಛಾಯಾಚಿತ್ರಣದ ಇತಿಹಾಸವನ್ನು ಗ್ರಂಥರೂಪದಲ್ಲಿ ಬರೆದವರೂ ಅವರೇ.

ಇಲ್ಲಿ ಒಂದು ಮಾತನ್ನು ನಮ್ಮ ಕಡೆಯವರ ಪರವಾಗಿ ಹೇಳಿಬಿಡಬೇಕು. ಸಂಘದ ಹೆಸರಿನಲ್ಲಿದ್ದ ಆ ‘ಮೈಸೂರು’ ನಮ್ಮದಾಗಿರಲಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಕೂಗಳತೆಯಲ್ಲಿರುವ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದು, ಸಂಸ್ಥಾನಗಳು ವಿಲೀನವಾದ ಮೇಲೆ ಎರಡೂ ಮುಂಬಯಿ ಪ್ರಾಂತಕ್ಕೆ ಸಂದು, 1956ರ ಏಕೀಕರಣದಲ್ಲಿ ಮಾತ್ರ ವಿಶಾಲ ಮೈಸೂರಿನೊಳಕ್ಕೆ ಬಂದವು. ಬೆಂಗಳೂರಿನವರು ಬ್ರೋಮೈಡ್ ಕಾಗದದ ದರ್ಜೆಗಳನ್ನು ಕುರಿತು ಚರ್ಚಿಸುತ್ತಿದ್ದ ಕಾಲಕ್ಕೆ ನಾವು ಇನ್ನೂ ಯಾವ ರಾಜ್ಯದವರೆಂಬ ಚರ್ಚೆಯಲ್ಲಿದ್ದೆವು.

ನನ್ನ ತಲೆಮಾರಿನವರು ಸಂಘವೆಂದಾಗ ನೆನೆಯುವುದು 1971ರಲ್ಲಿ ಸಿ. ರಾಜಗೋಪಾಲ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯನ್ನು. ಹೆಸರಿನಲ್ಲಿ ಯೌವನವಿದ್ದರೂ ನರೆತ ತಲೆಗಳಿಗೆ ಅಲ್ಲಿ ನಿಷೇಧವಿಲ್ಲ. ಐವತ್ತು ವರ್ಷ ದಾಟಿದ ಸಂಸ್ಥೆಯಲ್ಲಿ ಅದು ಅನಿವಾರ್ಯವೂ ಹೌದು. ಸಂಘದ ನೆಲೆ ನೃಪತುಂಗ ರಸ್ತೆಯ ರಾಜ್ಯ ಯುವಜನ ಕೇಂದ್ರ. ನೃಪತುಂಗನ ಆಸ್ಥಾನದ ಕವಿರಾಜಮಾರ್ಗವು ಕನ್ನಡದ ತಿರುಳಿರುವ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆದಕಾರಣ ಆ ರಸ್ತೆಯಲ್ಲಿ ನಡೆಯುವಾಗ ನಮ್ಮ ಸೀಮೆಯವನಿಗೆ ತಾನು ಪರಸ್ಥಳಕ್ಕೆ ಬಂದಿದ್ದೇನೆಂಬ ಭಾವನೆ ಅಷ್ಟಾಗಿ ಬಾಧಿಸದು. ಸಂಘದ ಪತ್ರಿಕೆ ‘ದೃಷ್ಟಿ’, ಅದು ಏರ್ಪಡಿಸುವ ರಾಷ್ಟ್ರೀಯ ಹಾಗೂ ಅಂತರರಾಷ್ಟ್ರೀಯ ಸಲೋನ್‌ಗಳು, ಕಾರ್ಯಾಗಾರಗಳು, ಇವೆಲ್ಲ ಬಲ್ಲವರಿಗೆ ತಿಳಿದವೇ. ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ವಿಸ್ತರಿಸತಕ್ಕದ್ದು ಮಾಸಿಕ ಸ್ಪರ್ಧೆ. ಹೊರಗಿನವರು ಇದನ್ನು ಒಂದು ಮನೋರಂಜನೆಯೆಂದು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹವ್ಯಾಸಿ ಸಂಘದ ಪ್ರಾಣವಿರುವುದು ಅದರಲ್ಲಿಯೇ, ಉಳಿದುದೆಲ್ಲ ಉತ್ಸವ. ಉತ್ಸವ ವರ್ಷಕ್ಕೊಮ್ಮೆಯಾದರೂ ನಡೆದೀತು, ಪೂಜೆ ನಿತ್ಯವೂ ನಡೆಯಬೇಕಲ್ಲವೆ? ನೌಕರಿಯ ನಿಮಿತ್ತ ನಾನು ಕೆಲವು ವರ್ಷ ಇದ್ದ ಊರೊಂದರ ಸಂಘದಲ್ಲಿ ಕಂಡಂತೆ ಅದರ ವಿಧಾನವನ್ನು ಹೇಳುತ್ತೇನೆ. ತಿಂಗಳ ಮೊದಲಿಗೆ ವಿಷಯವೊಂದು ಪ್ರಕಟವಾಗುವುದು: ‘ಬಾಗಿಲು’, ‘ಮಳೆ’, ‘ಕೈಗಳು’, ಇಲ್ಲವೆ ಏನೂ ನಿರ್ಬಂಧವಿಲ್ಲದ ಮುಕ್ತ ವಿಭಾಗ. ಸದಸ್ಯನು ತನ್ನ ಚಿತ್ರವನ್ನು ತಾನೇ ಮುದ್ರಿಸಿ ರಟ್ಟಿಗೆ ಅಂಟಿಸಿ ತರಬೇಕು. ಹೆಸರು ಹಿಂಬದಿಯಲ್ಲಿ ಮಾತ್ರ. ಗೊತ್ತಾದ ಸಂಜೆ ಚಿತ್ರಗಳು ಒಂದೊಂದಾಗಿ ಹಲಗೆಯ ಮೇಲೆ ಏರುವುವು, ಒಂದೇ ದೀಪ, ಅದರ ಬೆಳಕು ಚಿತ್ರದ ಮೇಲಷ್ಟೆ, ನೋಡುವವರೆಲ್ಲ ಕತ್ತಲೆಯಲ್ಲಿ. ತೀರ್ಪುಗಾರರು ಬಹುಶಃ ಪರ ಊರಿನವರು, ತಪ್ಪಿದರೆ ಆ ತಿಂಗಳು ಸ್ಪರ್ಧೆಗಿಳಿಯದ ಹಿರಿಯ ಸದಸ್ಯರು. ಅವರು ಹತ್ತಕ್ಕೆ ಇಷ್ಟೆಂದು ಅಂಕ ಕೊಡುವರು. ಅಂಕಗಳು ತಿಂಗಳಿಂದ ತಿಂಗಳಿಗೆ ಕೂಡುತ್ತ ಹೋಗಿ ವರ್ಷಾಂತ್ಯಕ್ಕೆ ಒಬ್ಬನು ಅಗ್ರಗಣ್ಯನೆನಿಸುವನು. ಇದಿಷ್ಟೇ ಆಗಿದ್ದರೆ ಅದನ್ನು ಕುರಿತು ಬರೆಯುವ ಅಗತ್ಯವಿರಲಿಲ್ಲ. ಅಂಕವನ್ನು ಕೊಟ್ಟ ಮೇಲೆ ಕಾರಣವನ್ನು ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ, ಹೇಳಲೇಬೇಕೆಂಬ ಕಟ್ಟಳೆಯೊಂದು ಅಲ್ಲಿತ್ತು. ಆ ಕಟ್ಟಳೆಯೇ ಪಾಠಶಾಲೆ.

ನನ್ನ ಮೊದಲ ಚಿತ್ರ ಫಕೀರೇಶ್ವರ ಮಠದ ತೇರಿನದು. ರಜೆಗೆ ಊರಿಗೆ ಬಂದಾಗ ಜಾತ್ರೆಯಲ್ಲಿ ಒಂದು ಮಾಳಿಗೆಯನ್ನೇರಿ, ತೇರು, ಕಳಸ, ಹಗ್ಗ, ಹಗ್ಗ ಹಿಡಿದವರು, ನೆರೆದ ಸಹಸ್ರ ಜನ, ಹಿಂದಿನ ಅಂಗಡಿಗಳ ಸಾಲು, ಗಾಳಿಯಲ್ಲಿ ಹಾರುತ್ತಿದ್ದ ಉತ್ತತ್ತಿ, ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಅಡಕಿದ್ದೆ. ಬಿಟ್ಟುಹೋದುದು ಏನೂ ಇಲ್ಲವೆಂಬ ಹೆಮ್ಮೆ. ತೀರ್ಪುಗಾರರು ಬಹಳ ಹೊತ್ತು ನೋಡಿದರು. ಬಳಿಕ ಜೇಬಿನಿಂದ ಕರಿಯ ರಟ್ಟಿನ ಎರಡು ತುಂಡುಗಳನ್ನು ಹೊರತೆಗೆದರು. ಒಂದೊಂದೂ ಬಡಗಿಯ ಮೂಲೆಮಟ್ಟದ ಆಕಾರದ್ದು, ಎರಡನ್ನೂ ಎದುರುಬದುರಾಗಿಟ್ಟರೆ ನಡುವೆ ಒಂದು ಕಿಟಕಿಯಾಗುವುದು. ಆ ಕಿಟಕಿಯನ್ನು ಚಿತ್ರದ ಮೇಲೆ ಮೆಲ್ಲಗೆ ಸರಿಸುತ್ತ, ಕಿರಿದುಗೊಳಿಸುತ್ತ ಹೋದರು. ಕಳಸ ಹೋಯಿತು, ಅಂಗಡಿಗಳು ಹೋದವು, ತೇರೇ ಹೋಯಿತು. ಕೆಳಗಿನ ಎಡಮೂಲೆಯಲ್ಲಿ, ನಾನು ಚಿತ್ರ ತೆಗೆದಾಗಲೂ ಮುದ್ರಿಸಿದಾಗಲೂ ನೋಡದೆ ಇದ್ದ ಒಬ್ಬ ಹುಡುಗ ಉಳಿದ. ಅವನು ತೇರಿಗೆ ಬೆನ್ನು ಮಾಡಿ, ಬಾಗಿ, ಎರಡು ಕಾಲುಗಳ ನಡುವೆ ಕೈಹಾಕಿ ನೆಲಕ್ಕೆ ಬಿದ್ದ ಉತ್ತತ್ತಿಯೊಂದನ್ನು ಎತ್ತಿಕೊಳ್ಳುತ್ತಿದ್ದ. "ಚಿತ್ರ ಇಲ್ಲಿದೆ, ಇವರು ಮಾಳಿಗೆ ಹತ್ತಿದ್ದು ವ್ಯರ್ಥ" ಎಂದರು ತೀರ್ಪುಗಾರರು. ನಾಲ್ಕು ಅಂಕ ಬಂದವು. ಕತ್ತಲೆಯಲ್ಲಿ ಕುಳಿತಿದ್ದುದರಿಂದ ನನ್ನ ಮುಖ ಯಾರಿಗೂ ಕಾಣಲಿಲ್ಲವೆಂಬುದು ಆ ಸಂಜೆಯ ಒಂದೇ ಸಮಾಧಾನ. ಆದರೆ ಅಂದಿನಿಂದ ಮುಂದೆ ಎಷ್ಟೋ ಕಾಲ, ಕ್ಯಾಮೆರಾ ಕಣ್ಣಿಗಿಟ್ಟೊಡನೆ ಆ ಎರಡು ಕರಿ ರಟ್ಟುಗಳು ತಾವಾಗಿಯೇ ನಾಲ್ಕೂ ಕಡೆಯಿಂದ ಸರಿದು ಬರುತ್ತಿದ್ದವು.

ಒಂದು ರೀಲಿನ ಬೆಲೆಯನ್ನೂ ಇದರೊಂದಿಗೆ ನೆನೆಯಬೇಕು. ಅಗ್ಫಾ ಕ್ಲಿಕ್ಕಿನ ರೀಲಿನಲ್ಲಿ ಹನ್ನೆರಡೇ ಚಿತ್ರ; ಮೂವತ್ತೈದು ಮಿಲಿಮೀಟರಿನ ಕ್ಯಾಮೆರಾ ಉಳ್ಳವನಿಗೆ ಮೂವತ್ತಾರು. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರಖಾನೆ 1967ರಲ್ಲಿ ಉತ್ಪಾದನೆಗೆ ತೊಡಗಿ ‘ಇಂದು’ ಎಂಬ ಸ್ವದೇಶೀ ಫಿಲ್ಮು ದೊರೆಯುವಂತಾದ ಮೇಲೂ ಗುಮಾಸ್ತನ ಸಂಬಳದವನು ಗುಂಡಿ ಒತ್ತುವ ಮುನ್ನ ಎರಡು ಸಲ ಯೋಚಿಸುತ್ತಿದ್ದ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ಬಲ್ಬು ಹಾಕಿ, ಮೂರು ತಟ್ಟೆಗಳಲ್ಲಿ ಡೆವಲಪರ್, ನೀರು, ಹೈಪೊ ಸುರಿದು, ಮನೆಮಂದಿಯ ಬೈಗಳನ್ನು ಬಾಗಿಲಾಚೆ ಕೇಳಿಸಿಕೊಳ್ಳುತ್ತ, ಬಿಳಿಯ ಕಾಗದದ ಮೇಲೆ ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಇಡಿಯ ಮುಖ ತೇಲಿಬರುವುದನ್ನು ಕಂಡವನಿಗೆ ಆ ವಿಸ್ಮಯ ಸಾಯುವತನಕ ಸಾಲುತ್ತದೆ. ಇಂದು ಕಿಸೆಯ ಫೋನಿನಿಂದ ದಿನಕ್ಕೆ ಇನ್ನೂರು ಚಿತ್ರ ತೆಗೆಯುವ ನನ್ನ ಮೊಮ್ಮಗನನ್ನು ನಾನು ದೂರುವುದಿಲ್ಲ. ಅವನು ಇನ್ನೂರರಲ್ಲಿ ಒಂದನ್ನು ಆರಿಸಲಾರದೆ ನನ್ನ ಬಳಿಗೆ ಬಂದಾಗ ಮಾತ್ರ ಕರಿ ರಟ್ಟುಗಳನ್ನು ಹುಡುಕುತ್ತೇನೆ.

ಈ ಸಂಘಗಳ ಪರಿಸರದಿಂದ ಎದ್ದುಬಂದ ಕೀರ್ತಿಗಳಲ್ಲಿ ಕನ್ನಡನಾಡಿಗೆ ವಿಶೇಷವಾದುದು ವನ್ಯಜೀವಿ ಛಾಯಾಚಿತ್ರಣ. ತಂಜಾವೂರಿನಲ್ಲಿ 1932ರಲ್ಲಿ ಜನಿಸಿ ಬೆಂಗಳೂರಿಗರಾದ ಟಿ.ಎನ್.ಎ. ಪೆರುಮಾಳ್ ಅವರು ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಪಳಗಿ, ತರುವಾಯ ತಾವೇ ಒಂದು ತಲೆಮಾರಿನ ಗುರುವಾದರು. 2017ರಲ್ಲಿ ಅವರು ತೀರಿಕೊಂಡಾಗ ಶಿಷ್ಯರೆಂದು ಹೇಳಿಕೊಂಡವರ ಸಂಖ್ಯೆ ಸಣ್ಣದಾಗಿರಲಿಲ್ಲ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾಗಿ ರಾಜ್ಯದ ಆಯವ್ಯಯವನ್ನು ತೂಗುತ್ತಿದ್ದ ಕೈಗಳಿಂದಲೇ ಕಾಡಾನೆಗಳ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದರು. 1983ರಲ್ಲಿ ಹೊರಬಂದ ಅವರ ‘ಸನ್‌ಲೈಟ್ ಅಂಡ್ ಶಾಡೋಸ್’ ಗ್ರಂಥದ ಹೆಸರೇ ಬಿಸಿಲು-ನೆಳಲು. ಇಬ್ಬರೂ ಫಿಯಾಪ್‌ನ ‘ಮಾಸ್ಟರ್’ ಪದವಿಯನ್ನು ಗಳಿಸಿದವರು. ಸಂಘವೇ ಎಲ್ಲಕ್ಕೂ ಮೂಲವೆಂದು ವಾದಿಸುವ ಹಟ ನನಗಿಲ್ಲ. ಮೂಡಿಗೆರೆಯ ತೋಟದ ಅಂಚಿನಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರನ್ನು ಯಾವ ತೀರ್ಪುಗಾರನ ಮುಂದೆ ನಿಲ್ಲಿಸುವಿರಿ? ವೃತ್ತಪತ್ರಿಕೆಗಳ ಮಾರ್ಗದಿಂದ ಬಂದ ಮೈಸೂರಿನ ಟಿ.ಎಸ್. ಸತ್ಯನ್ ಅವರು ಸಾಮಾನ್ಯರ ಬಾಳನ್ನು ಚಿತ್ರಿಸಿದ ಬಗೆಗೆ ಯಾವ ಸ್ಪರ್ಧೆಯ ಅಳತೆಗೋಲು ತಾಗೀತು?

ಸ್ಪರ್ಧೆಗೆ ದೋಷಗಳೂ ಇವೆ. ಸ್ಮರಣ ಸಂಚಿಕೆಯೆಂದು ಅವನ್ನು ಮುಚ್ಚಿಡಲಾರೆ. ಅಂಕ ಗಳಿಸಿದ ಚಿತ್ರ ಸಂತಾನವನ್ನು ಬೆಳೆಸುತ್ತದೆ. ಒಬ್ಬನು ಸಂಜೆಯ ಇಳಿಬಿಸಿಲಿನಲ್ಲಿ ದೂಳೆಬ್ಬಿಸಿ ಬರುವ ಕುರಿಹಿಂಡಿನ ಚಿತ್ರಕ್ಕೆ ಬಹುಮಾನ ಪಡೆದನೆನ್ನಿ. ಮುಂದಿನ ವರ್ಷವೆಲ್ಲ ಹಲಗೆಯ ಮೇಲೆ ಕುರಿಗಳೇ. ದೂಳು ಸಾಲದಿದ್ದರೆ ಕುರುಬನಿಗೆ ಚಹದ ದುಡ್ಡು ಕೊಟ್ಟು ಹಿಂಡನ್ನು ಮೂರು ಸಲ ಹಿಂದೆ ಮುಂದೆ ಓಡಿಸಿದವರನ್ನು ನಾನು ಬಲ್ಲೆ. ಗಡ್ಡದ ಮುದುಕ, ಕನ್ನಡಿಯ ಕಸೂತಿಯುಟ್ಟ ಲಂಬಾಣಿ ಹೆಂಗಸು, ಹಣತೆಯ ಮುಂದಿನ ಬಾಲಕಿ: ಇವರು ಛಾಯಾಗ್ರಾಹಕ ಲೋಕದ ಕವಿಸಮಯಗಳು, ಮುಖಕ್ಕೆ ಚಂದ್ರನಂತೆ ಪಾದಕ್ಕೆ ಕಮಲದಂತೆ. ಇದಕ್ಕಿಂತ ಕಠಿಣವಾದ ದೋಷ ಹಕ್ಕಿಯ ಗೂಡಿನದು. ಮರೆ ಕಟ್ಟಿಕೊಂಡು ಗೂಡಿನೆದುರು ಕುಳಿತರೆ ತಾಯಿಹಕ್ಕಿ ಬಂದೇ ಬರುತ್ತದೆಂಬ ನಂಬಿಕೆಯಿಂದ ಒಂದು ಕಾಲಕ್ಕೆ ಗೂಡಿನ ಚಿತ್ರಗಳೇ ಹೇರಳವಾಗಿದ್ದವು. ಅಡ್ಡ ಬಂದ ಎಲೆಯನ್ನು ಕತ್ತರಿಸಿದರೆ ಮರಿಗಳಿಗೆ ಬಿಸಿಲೂ, ಗಿಡುಗನಿಗೆ ದಾರಿಯೂ ಆಗುವುದೆಂದು ಎಣಿಸಿದವರು ಕಡಿಮೆ. ಇಂದು ನಮ್ಮ ದೇಶದ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದೇ ಇಲ್ಲ. ನಿಸರ್ಗ ವಿಭಾಗದಲ್ಲಿ ಇಲ್ಲದುದನ್ನು ಸೇರಿಸುವುದೂ ಇದ್ದುದನ್ನು ಅಳಿಸುವುದೂ ನಿಷಿದ್ಧ. ಈ ಶಿಸ್ತು ಸಂಘಗಳು ತಮಗೆ ತಾವೇ ವಿಧಿಸಿಕೊಂಡುದು.

ನಿಸರ್ಗದ ಮಾತು ಬಂದ ಮೇಲೆ ನಮ್ಮ ಮಾಗಡಿ ಕೆರೆಯನ್ನು ಬಿಟ್ಟು ಮುಂದೆ ಹೋಗಲಾಗದು. ಶಿರಹಟ್ಟಿಯಿಂದ ಸುಮಾರು ಎಂಟು ಕಿಲೋಮೀಟರು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಇಳಿಯುತ್ತವೆ. ಬಿಳಿ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ, ನಮ್ಮ ಸ್ವಾಮಿಗಳ ವಿಭೂತಿಗೆ ವಿಲೋಮವೆಂಬಂತೆ. ಹೊತ್ತಲ್ಲದ ಹೊತ್ತಿನಲ್ಲಿ ಎರೆಹೊಲಗಳ ಕಡಲೆ ಶೇಂಗಾಗಳ ಮೇಲೆ ಬಿದ್ದು ಮೇದು, ಬಿಸಿಲೇರುವಾಗ ಸಾಲುಗಟ್ಟಿ ಕೆರೆಗೆ ಮರಳುತ್ತವೆ. ರೈತನಿಗೆ ಲುಕ್ಸಾನು, ಆದರೂ ದೂರದಿಂದ ಬಂದ ಅತಿಥಿಯೆಂಬ ಸಹನೆ. 2024ರ ಆರಂಭದಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು, ವಿಸ್ತೀರ್ಣ 54.38 ಹೆಕ್ಟೇರು. ಅದರೊಡನೆಯೇ ಸೇರಿದ ಅಘನಾಶಿನಿಯ ಅಳಿವೆಯ ಮುಂದೆ ಇದು ಬೊಗಸೆ ನೀರು. ಈಗ ಜನವರಿಯ ಮುಂಜಾವಿನಲ್ಲಿ ಹೋದರೆ ಏರಿಯ ಮೇಲೆ ಬೆಂಗಳೂರು ಹುಬ್ಬಳ್ಳಿಗಳ ಬಂದೂಕಿನುದ್ದದ ಮಸೂರಗಳು ಸಾಲಾಗಿ ನಿಂತಿರುವುದನ್ನು ಕಾಣಬಹುದು.

ಅಂಥ ಮಸೂರಗಳು ನಮ್ಮಲ್ಲಿಲ್ಲದ ಕಾಲದಲ್ಲಿ, ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ, ಅಲ್ಲಿಯ ನಿಶ್ಚಲವಾದ ನೀರಿನಲ್ಲಿ ಐದು ಹೆಬ್ಬಾತುಗಳನ್ನೂ ಅವುಗಳ ಪ್ರತಿಬಿಂಬವನ್ನೂ ಒಂದು ಸ್ಲೈಡಿನಲ್ಲಿ ಹಿಡಿದು ನಾನು ಮೇಲೆ ಹೇಳಿದ ಸಂಘದ ಮಾಸಿಕ ಸ್ಪರ್ಧೆಗೆ ಒಯ್ದಿದ್ದೆ. ಸ್ಲೈಡಿಗೆ ಒಂದು ಸಂಪ್ರದಾಯವುಂಟು: ಚಿತ್ರವನ್ನು ನೆಟ್ಟಗೆ ಹಿಡಿದಾಗ ಚೌಕಟ್ಟಿನ ಕೆಳಗಿನ ಎಡಮೂಲೆಗೆ ಒಂದು ಚುಕ್ಕೆ ಅಂಟಿಸಬೇಕು, ಪ್ರೊಜೆಕ್ಟರಿನವನು ಸ್ಲೈಡನ್ನು ತಲೆಕೆಳಗು ಮಾಡಿ ತೂರಿಸುವಾಗ ಆ ಚುಕ್ಕೆ ಅವನ ಬಲಹೆಬ್ಬೆರಳಿನ ಕೆಳಗೆ ಬಂದರೆ ಪರದೆಯ ಮೇಲೆ ಚಿತ್ರ ಸರಿಯಾಗಿ ಮೂಡುವುದು. ಅವಸರದಲ್ಲಿ ನಾನು ಚುಕ್ಕೆಯನ್ನು ಎದುರು ಮೂಲೆಗೆ ಅಂಟಿಸಿಬಿಟ್ಟಿದ್ದೆ. ಪರದೆಯ ಮೇಲೆ ಪ್ರತಿಬಿಂಬಗಳು ಮೇಲಕ್ಕೂ ಹಕ್ಕಿಗಳು ಕೆಳಕ್ಕೂ ಬಂದವು. ನನಗೆ ಎದೆ ಹಾರಿತು. ಉಳಿದವರಿಗೆ ಏನೂ ತೋಚಲಿಲ್ಲ. ತೀರ್ಪುಗಾರರು ಮುಂದಕ್ಕೆ ಬಾಗಿ, ಹಕ್ಕಿಗಳ ಅಂಚು ಹೀಗೆ ನೀರಿನಲ್ಲಿ ಬರೆದಂತೆ ಕಂಪಿಸುವುದನ್ನು ತಾವು ಅಪರೂಪಕ್ಕೆ ಕಂಡುದಾಗಿ ನುಡಿದು, ಎಂಟು ಅಂಕಗಳನ್ನು ಸಾರಿದರು. ನಾನು ಸುಮ್ಮನಿರಬಹುದಾಗಿತ್ತು. ಮನಸ್ಸು ಒಪ್ಪದೆ ಎದ್ದುನಿಂತು ಸಂಗತಿಯನ್ನರುಹಿದೆ. ಕಾರ್ಯದರ್ಶಿಗಳು ಸ್ಲೈಡನ್ನು ತಿರುಗಿಸಿ ಹಾಕಿದರು. ತೀರ್ಪುಗಾರರು ಮತ್ತೆ ನೋಡಿದರು, ಕನ್ನಡಕವನ್ನು ಒರೆಸಿಕೊಂಡರು, ನೆಟ್ಟಗೆ ನಿಂತ ಬಾತುಗಳಿಗೆ ಆರು ಅಂಕ ಕೊಟ್ಟು ಮುಂದಿನ ಚಿತ್ರಕ್ಕೆ ಕೈಮಾಡಿದರು.